ಹುಬ್ಬಳ್ಳಿಯಿಂದ ರಾಕ್ ಶೋಗೆ ಹೊರಟಿದ್ದೀರಾ? ಸ್ಟೇಜ್ ಎಲ್ಲಿದೆ ಅಂತ ನೋಡಬೇಡಿ, ಮಿಕ್ಸರ್ ಎಲ್ಲಿದೆ ಅಂತ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಊರು ಹುಬ್ಬಳ್ಳಿ, ಇಬ್ಬರು ದೋಸ್ತರು, ಮೆಚ್ಚಿನ ರಾಕ್ ಬ್ಯಾಂಡ್ ಬೆಂಗಳೂರಿಗೆ ಬರುತ್ತಿದೆ, ನಿಮಗಿದು ಮೊದಲನೇ ಲೈವ್ ಶೋ. ಸ್ಟೇಜಿನ ಮುಂದಿನ ದುಬಾರಿ ಟಿಕೆಟ್ ತಗೊಳ್ಳಬೇಕೋ, ಹಿಂದಿನ ಅಗ್ಗದ್ದು ಸಾಕೋ, ಹೋಗಿ ಬರೋದು ಹೇಗೆ ಅಂತ ಕೇಳಿದ್ದೀರಿ. ದರ ನೋಡಿ ತೀರ್ಮಾನ ಮಾಡಬೇಡಿ. ಬುಕಿಂಗ್ ಪುಟದಲ್ಲಿ ಸಾಮಾನ್ಯವಾಗಿ ಮೈದಾನದ ನಕ್ಷೆ ಹಾಕಿರುತ್ತಾರೆ. ಅದರಲ್ಲಿ ಮಿಕ್ಸರ್ ಇಡುವ ಕಟ್ಟೆ ಯಾವ ವಿಭಾಗದೊಳಗೆ ಬರುತ್ತದೆ ನೋಡಿ, ಆ ವಿಭಾಗದ ಟಿಕೆಟ್ ತಗೊಳ್ಳಿ. (ಅಡುಗೆಮನೆಯ ಮಿಕ್ಸರ್ ಅಲ್ರಿ, ಸೌಂಡಿನವರು ನೂರೆಂಟು ಬಟನ್ ಮುಂದಿಟ್ಟುಕೊಂಡು ಕೂರುತ್ತಾರಲ್ಲ, ಅದು. ನಕ್ಷೆಯಲ್ಲಿ ಎಫ್‌ಓಎಚ್ ಅಂತಲೋ, ಕನ್ಸೋಲ್ ಅಂತಲೋ ಬರೆದಿರುತ್ತದೆ.)

ಕಾರಣ ಹೇಳುತ್ತೇನೆ. ಧಾರವಾಡ ಸೀಮೆಯವರಿಗೆ ಒಂದು ರೂಢಿ ಇದೆ, ಹಿಂದೂಸ್ತಾನಿ ಗಾಯನದ ಬೈಠಕ್ ಅಂದರೆ ಮುಂದೆ ಹೋಗಿ ಜಾಗ ಹಿಡಿಯೋದು. ಅಲ್ಲಿ ಅದು ಸರಿ. ತಂಬೂರಿಯ ಝೇಂಕಾರ, ಗಾಯಕರ ಉಸಿರು ಎಲ್ಲ ನೇರ ಕಿವಿಗೆ ಬರುತ್ತವೆ, ಹತ್ತಿರ ಕೂತಷ್ಟೂ ಚೆಂದ. ರಾಕ್ ಶೋದಲ್ಲಿ ಹಾಡುವವನು ಎದುರಿಗಿದ್ದರೂ ಅವನ ದನಿ ನಿಮಗೆ ಬರೋದು ಸ್ಟೇಜಿನ ಎರಡೂ ಬದಿಗೆ ಎತ್ತರದಲ್ಲಿ ತೂಗುಬಿಟ್ಟ ಸ್ಪೀಕರ್‌ಗಳಿಂದ. ಒಂದೊಂದು ಬದಿಗೆ ಎಂಟೋ ಹನ್ನೆರಡೋ ಬಾಕ್ಸ್‌ಗಳನ್ನು ಒಂದರ ಕೆಳಗೊಂದು ಕೊಂಡಿ ಹಾಕಿ, ಬಾಳೆಗೊನೆಯಂತೆ ಬಾಗಿಸಿ ಕಟ್ಟಿರುತ್ತಾರೆ. ಲೈನ್ ಅರೇ ಅನ್ನೋದು ಇದಕ್ಕೇ. ಮೇಲಿನ ಬಾಕ್ಸ್‌ಗಳ ಗುರಿ ಮೈದಾನದ ಹಿಂಭಾಗ, ಕೆಳಗಿನವುಗಳದು ಮುಂಭಾಗ. ಬ್ಯಾರಿಕೇಡಿಗೆ ಎದೆ ಹಚ್ಚಿ ನಡುವೆ ನಿಂತವರು ಎರಡೂ ಗೊನೆಗಳ ದಾರಿಯಿಂದ ಹೊರಗೇ ಉಳಿಯುತ್ತಾರೆ. ಅವರಿಗೆ ಸಿಗೋದು ಡ್ರಮ್ಮಿನ ಬರಿ ಹೊಡೆತ, ಸ್ಟೇಜಿನ ಮೇಲಿರುವ ಗಿಟಾರ್ ಆಂಪ್ಲಿಫೈಯರ್‌ನ ಕೂಗು, ಕಾಲಬುಡದಲ್ಲಿ ನೆಲ ನಡುಗಿಸುವ ಬೇಸ್ ಬಾಕ್ಸ್. ಹಾಡಿನ ಮಾತೇ ಕೇಳೋದಿಲ್ಲ. ಸ್ಟೇಜಿನ ಅಂಚಿಗೆ ಚಿಕ್ಕ ಸ್ಪೀಕರ್ ಇಟ್ಟು ಇದನ್ನು ಸ್ವಲ್ಪ ಸರಿಮಾಡುತ್ತಾರೆ, ಪೂರಾ ಸರಿಹೋಗೋದಿಲ್ಲ.

ಸೌಂಡ್ ಎಂಜಿನಿಯರ್ ಇಡೀ ಶೋ ಹದ ಮಾಡೋದು ತಾನು ನಿಂತಲ್ಲಿ ತನ್ನ ಕಿವಿಗೆ ಕೇಳಿದ್ದನ್ನು ನಂಬಿ. ಹಾಗಾಗಿ ಅವನು ನಿಂತ ಜಾಗದ ಸುತ್ತಮುತ್ತಲೇ ಪದರಪದರವಾಗಿ ಎಲ್ಲ ವಾದ್ಯ ಕೇಳೋದು. ನಕ್ಷೆ ಇಲ್ಲದಿದ್ದರೆ ಒಂದು ಅಂದಾಜು ಇಟ್ಟುಕೊಳ್ಳಿ: ಎಡಬಲದ ಎರಡು ಸ್ಪೀಕರ್ ಗೊನೆಗಳ ನಡುವೆ ಎಷ್ಟು ಅಂತರವೋ ಎರಡೂ ಗೊನೆಗಳಿಂದ ಸುಮಾರು ಅಷ್ಟೇ ದೂರ ಆಗುವಂತೆ ಹಿಂದೆ ಬನ್ನಿ, ಮೂರೂ ಬಿಂದು ಸೇರಿ ಸಮಬಾಹು ತ್ರಿಕೋನ ಆಗುವ ಹಾಗೆ. 20 ಮೀಟರ್ ಅಂತರವಿದ್ದರೆ ಪ್ರತಿ ಗೊನೆಯಿಂದ ನಿಮಗೂ 20 ಮೀಟರ್, ಅಂದರೆ ನೇರ ಹಿಂದೆ ಸುಮಾರು 17 ಮೀಟರ್. ಮಿಕ್ಸರ್ ಕಟ್ಟೆ ಇದಕ್ಕಿಂತ ತುಸು ಹಿಂದೆಯೇ ಇರುತ್ತದೆ. ಅದರ ಮುಂದಿನ ಐದಾರು ಮೀಟರ್ ಜಾಗ ಚಿನ್ನ. ಕಟ್ಟೆಯ ಸುತ್ತಲಿನ ಕಬ್ಬಿಣದ ಬೇಲಿಗೆ ಬೆನ್ನು ಕೊಟ್ಟು ನಿಂತರೆ ಹಿಂದಿನಿಂದ ತಳ್ಳಾಟವೂ ಇಲ್ಲ, ಎರಡು ಗಂಟೆ ನಿಲ್ಲುವ ಸೊಂಟಕ್ಕೂ ಆಸರೆ. ಕಟ್ಟೆಯ ಬೆನ್ನ ಹಿಂದೆ ಮಾತ್ರ ನಿಲ್ಲಬೇಡಿ; ಕಟ್ಟೆಯ ಮೇಲಿನ ಡೇರೆ ಅಡ್ಡ ಬಂದು ಸ್ಟೇಜೂ ಕಾಣಿಸದು, ದನಿಯೂ ಮಂಕು.

ನಿಂತ ಮೇಲೂ ಬೇಸ್ ಸರಿ ಇಲ್ಲ ಅನಿಸಿದರೆ ಸೌಂಡಿನವರನ್ನು ಬೈಯುವ ಮೊದಲು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಎಡಬಲ ಎರಡೂ ಕಡೆ ಬೇಸ್ ಬಾಕ್ಸ್ ಇಟ್ಟಾಗ ಅವುಗಳ ಅಲೆಗಳು ನಟ್ಟನಡುವೆ ಒಟ್ಟಿಗೆ ತಲುಪಿ ಸೇರಿಕೊಳ್ಳುತ್ತವೆ, ಅಲ್ಲಿ ಎದೆ ಗುದ್ದಿದಂತಾಗುತ್ತದೆ. ಪಕ್ಕಕ್ಕೆ ಸರಿದಂತೆ ಒಂದು ಕಡೆಯದು ತಡವಾಗುತ್ತದೆ. 60 ಹರ್ಟ್ಸ್ ದನಿಯ ಅಲೆ ಸುಮಾರು 5.7 ಮೀಟರ್ ಉದ್ದ. ಎರಡು ಬಾಕ್ಸ್‌ಗಳಿಂದ ನಿಮಗಿರುವ ದೂರದಲ್ಲಿ ಅದರ ಅರ್ಧ, ಅಂದರೆ 2.85 ಮೀಟರಿನಷ್ಟು ವ್ಯತ್ಯಾಸ ಬಿದ್ದ ಕಡೆ ಒಂದನ್ನೊಂದು ನುಂಗಿಹಾಕುತ್ತವೆ. ಅದಕ್ಕೇ ಪಕ್ಕದವನಿಗೆ ಬೇಸ್ ಜೋರು, ನಿಮಗೆ ಸಪ್ಪೆ. ಬಯಲಲ್ಲಿ ಗಾಳಿ ಬೀಸಿದಾಗ ಸಿಂಬಲ್‌ನ (ಡ್ರಮ್ ಸೆಟ್ಟಿನ ತಾಳದ ತಟ್ಟೆ) ತೀಕ್ಷ್ಣ ದನಿ ಬಂದು ಬಂದು ಹೋದಂತೆ ಕೇಳೋದು ಬೇರೆ ವಿಷಯ, ಅದಕ್ಕೆ ಯಾರೂ ಏನೂ ಮಾಡಲಾಗದು. ನೂರು ಮೀಟರ್ ಹಿಂದಿದ್ದರೆ ಸ್ಟೇಜಿನ ದನಿ 0.3 ಸೆಕೆಂಡ್ ತಡ. ಪರದೆಯ ಮೇಲೆ ಡ್ರಮ್ಮರ್ ಕೋಲು ಬಿದ್ದಾದ ಮೇಲೆ ಸದ್ದು ಬರುತ್ತದೆ. ಅಷ್ಟು ಹಿಂದಿನ ಟಿಕೆಟ್ ಮಾತ್ರ ಉಳಿದಿದ್ದರೆ ನಾನಾದರೆ ಕೊಳ್ಳುವುದಿಲ್ಲ.

ಮುಖ ಹತ್ತಿರದಿಂದ ನೋಡಲೇಬೇಕು, ದನಿ ಹೇಗಿದ್ದರೂ ಸರಿ ಅನ್ನುವವರಿಗೆ ಮುಂದಿನ ವಿಭಾಗ ಇದ್ದೇ ಇದೆ. ಆದರೆ ಗೇಟು ತೆರೆದಾಗಲೇ ಒಳಗಿರಬೇಕು, ಮೂರ್ನಾಲ್ಕು ತಾಸು ಶೌಚಾಲಯಕ್ಕೂ ಹೋಗದೆ ನಿಲ್ಲಬೇಕು. ಹೋದರೆ ಜಾಗ ಹೋಯಿತು. ಆ ದಿನ ಮಿರ್ಚಿ-ಗಿರಮಿಟ್ ಬೇಡ. ಅಲ್ಲಿ ಜನ ಒತ್ತಿದಾಗ ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿಯಿರಿ, ಪಕ್ಕೆಲುಬಿಗೆ ಉಸಿರಾಡಲು ಜಾಗ ಸಿಗುತ್ತದೆ. ಒತ್ತಡಕ್ಕೆ ಎದುರಾಗಿ ತಳ್ಳಬೇಡಿ; ಅಲೆ ಹಿಂದೆ ಸರಿದಾಗಲೆಲ್ಲ ಓರೆಯಾಗಿ ಬದಿಗೆ ಎರಡೆರಡು ಹೆಜ್ಜೆ ಹಾಕುತ್ತ ಹೊರಗೆ ಬನ್ನಿ. ಹೆವಿ ಬ್ಯಾಂಡ್ ಆದರೆ ನಡುವೆ ವೃತ್ತ ಬಿಟ್ಟುಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ ನಡೆಯುತ್ತದೆ. ಅದರಲ್ಲಿ ಬಿದ್ದವರನ್ನು ಎತ್ತೋದು ಎಲ್ಲರಿಗೂ ಗೊತ್ತಿರುವ ನಿಯಮ. ಕನ್ನಡಕ, ಸರ ತೆಗೆದಿಡಿ. ಚಪ್ಪಲಿ ಬೇಡ, ಲೇಸ್ ಇರುವ ಶೂ.

ಕಿವಿಯ ವಿಷಯ ಯಾರೂ ಹೇಳುವುದಿಲ್ಲ, ಆದ್ದರಿಂದ ತುಸು ಉದ್ದಕ್ಕೆ ಹೇಳುತ್ತೇನೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬೆಲ್ ಹೆಚ್ಚಿದಾಗ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ರಾಕ್ ಶೋ 100ರ ಆಸುಪಾಸು ಇಲ್ಲವೇ ಮೇಲೆಯೇ ಇರುತ್ತದೆ, ಅದೂ ಎರಡು ತಾಸು. ಔಷಧ ಅಂಗಡಿಯಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತದೆ. ಬೆರಳಲ್ಲಿ ತೆಳ್ಳಗೆ ಬತ್ತಿಯಂತೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಬತ್ತಿಯನ್ನು ಒಳಗಿಟ್ಟು ಅದು ಉಬ್ಬಿ ಕೂರುವವರೆಗೆ 20-30 ಸೆಕೆಂಡ್ ಬೆರಳು ಒತ್ತಿಹಿಡಿಯಿರಿ. ಸರಿ ಕೂತಿದ್ದರೆ ನಿಮ್ಮ ಮಾತು ನಿಮಗೆ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಹೆಚ್ಚಿನವರು ತಪ್ಪೋದು ಇಲ್ಲೇ: ಹೊಸೆಯದೆ ಅರ್ಧ ತುರುಕಿ, ಸದ್ದು ಕಡಿಮೆಯಾಗಲಿಲ್ಲ ಅಂತ ತೆಗೆದು ಬಿಸಾಡುತ್ತಾರೆ. ಫೋಮು ತೀಕ್ಷ್ಣ ದನಿಯನ್ನೇ ಹೆಚ್ಚು ನುಂಗುತ್ತದೆ ಅನ್ನೋದು ನಿಜ. ಆ ಕೊರತೆ ಬೇಡವಾದರೆ ಸಂಗೀತಗಾರರು ಹಾಕುವ ಸಿಲಿಕೋನ್ ಪ್ಲಗ್ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಹತ್ತಿ ತುರುಕಿದರೆ ಹೆಚ್ಚೇನೂ ಉಪಯೋಗವಿಲ್ಲ. ಶೋ ಮುಗಿದ ಮೇಲೆ ಕಿವಿ ಗುಂಯ್‌ಗುಡುವುದು ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಎರಡು ದಿನ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಈಗ ಪ್ರಯಾಣ. ಇಲ್ಲಿ ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಅಂದರೆ ಶೋ ದಿನವೇ ರೈಲು ಹತ್ತೋದು. ಧಾರವಾಡದಿಂದ 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ಮಧ್ಯಾಹ್ನ ಹೊರಟು ಬೆಂಗಳೂರು ಮುಟ್ಟೋದು ಸಂಜೆ ಏಳರ ಮೇಲೆ. ಹುಬ್ಬಳ್ಳಿಯ ಜನಶತಾಬ್ದಿಯೂ ಮಧ್ಯಾಹ್ನದ್ದೇ. ನಿಲ್ದಾಣದಿಂದ ಮೈದಾನ ಮುಟ್ಟುವಷ್ಟರಲ್ಲಿ ಶೋ ಅರ್ಧ ಮುಗಿದಿರುತ್ತದೆ, ಯಾಕಂದ್ರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಚ್ಚುವ ಹಾಗಿಲ್ಲ. ಆದ್ದರಿಂದ ಮುಖ್ಯ ಬ್ಯಾಂಡ್ ಎಂಟರ ಸುಮಾರಿಗೆ ಶುರುಮಾಡಿ ಹತ್ತರೊಳಗೆ ಮುಗಿಸುತ್ತದೆ. ಹಿಂದಿನ ರಾತ್ರಿಯ ರೈಲು ಇಲ್ಲವೇ ಬಸ್ಸು ಹಿಡಿದು ಮುಂಜಾನೆ ಇಳಿಯಿರಿ. ಗದಗಿನವರು ಹಂಪಿ ಎಕ್ಸ್‌ಪ್ರೆಸ್ ಹಿಡಿಯಬಹುದು, ಆದರೆ ಅದು ಹೊಸಪೇಟೆ, ಬಳ್ಳಾರಿ ಸುತ್ತಿಕೊಂಡು ಹೋಗುತ್ತದೆ. ಹಾವೇರಿಯವರು ರಾತ್ರಿ ಬಸ್ಸು ಊರೊಳಗೆ ಬರುತ್ತದೋ ಬೈಪಾಸಿನಲ್ಲೇ ನಿಲ್ಲುತ್ತದೋ ಕೇಳಿಕೊಳ್ಳಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ.

ಬೆಂಗಳೂರಿನ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಡಬಹುದು, ಬೀಗ ಹಾಕಿರಬೇಕು, ರೈಲಿನ ಟಿಕೆಟ್ ಕೈಯಲ್ಲಿರಬೇಕು. ಬೀಗವಿಲ್ಲದ ಬ್ಯಾಗನ್ನು ತಗೊಳ್ಳುವುದಿಲ್ಲ, ಹುಬ್ಬಳ್ಳಿಯಲ್ಲೇ ಒಂದು ಬೀಗ ಕೊಂಡುಕೊಳ್ಳಿ. ಶೋ ಗೇಟಿನಲ್ಲಿ ದೊಡ್ಡ ಬ್ಯಾಗ್, ನೀರಿನ ಬಾಟಲಿ, ಛತ್ರಿ, ಹಲವು ಕಡೆ ಪವರ್ ಬ್ಯಾಂಕ್ ಕೂಡ ಬಿಡುವುದಿಲ್ಲ. ಬೆಂಗಳೂರಿನ ನಂಟರಿಗೆ ಒಯ್ದ ಪೇಡೆ ಡಬ್ಬಿ ಗೇಟಿನವರ ಪಾಲಾಗಬಾರದು ನೋಡ್ರಿ. ಮಳೆಯ ಸೂಚನೆ ಇದ್ದರೆ ಮಡಚಿ ಜೇಬಿಗೆ ಹಾಕುವ ಪ್ಲಾಸ್ಟಿಕ್ ರೇನ್‌ಕೋಟ್ ಸಾಕು.

ಇಬ್ಬರ ಟಿಕೆಟ್ಟೂ ಒಬ್ಬನ ಫೋನಿನಲ್ಲಿ ಇರಬಾರದು. ಆ ಫೋನ್ ಸತ್ತರೆ ಇಬ್ಬರೂ ಗೇಟಿನ ಹೊರಗೆ. ಆ್ಯಪ್‌ನಲ್ಲಿ ಟಿಕೆಟ್ ವರ್ಗಾಯಿಸುವ ಸೌಲಭ್ಯ ಇದ್ದರೆ ಒಂದನ್ನು ದೋಸ್ತನಿಗೆ ಕಳಿಸಿಬಿಡಿ. ಸ್ಕ್ರೀನ್‌ಶಾಟ್ ನಂಬಬೇಡಿ, ಕೆಲವು ಟಿಕೆಟ್‌ಗಳ ಕ್ಯೂಆರ್ ಕೋಡ್ ಬದಲಾಗುತ್ತಿರುತ್ತದೆ. ಒಳಗೆ ಸಾವಿರಾರು ಜನ ಒಂದೇ ಟವರಿಗೆ ಜೋತುಬಿದ್ದಾಗ ನೆಟ್ ಸಾಯುತ್ತದೆ, ವಾಟ್ಸಾಪ್ ಹೋಗದು, ಯುಪಿಐ ಸುತ್ತುತ್ತ ಕೂರುತ್ತದೆ. ಹಳೇ ಎಸ್ಸೆಮ್ಮೆಸ್ ಆಗಲೂ ಹಲವು ಸಲ ದಾಟುತ್ತದೆ. ಜೇಬಿನಲ್ಲಿ ಐದಾರು ನೂರು ನಗದು ಇರಲಿ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಒಳಗೆ ಹೋದ ಕೂಡಲೇ ಇಬ್ಬರೂ ನಿಂತು ತೋರಿಸಿಕೊಳ್ಳಿ, "ಸ್ಟೇಜಿಗೆ ಮುಖಮಾಡಿದಾಗ ಮಿಕ್ಸರ್ ಕಟ್ಟೆಯ ಎಡ ಮೂಲೆ" ಅನ್ನುವಷ್ಟು ಖಚಿತವಾಗಿ. "ಗೇಟಿನ ಹತ್ತಿರ" ಅಂದರೆ ಯಾವ ಗೇಟು? ದೋಸ್ತನಿಗೆ ಮುಂದೆ ಕುಣಿಯುವ ಆಸೆ, ನಿಮಗೆ ಕೇಳುವ ಆಸೆ ಇದ್ದರೆ ಬೇರೆಬೇರೆ ನಿಂತು ಮುಗಿದ ಮೇಲೆ ಅಲ್ಲಿ ಸೇರಿ. ಅದರಲ್ಲಿ ಬೇಸರದ ಮಾತೇನಿಲ್ಲ.

ವಿಡಿಯೋ ಮಾಡೋದಾದರೆ ಅರ್ಧ ನಿಮಿಷ ಸಾಕು. ಅಷ್ಟು ಸದ್ದಿಗೆ ಫೋನಿನ ಮೈಕು ತಡೆಯದೆ ದನಿ ಹರಿದುಹೋಗಿರುತ್ತದೆ, ಮನೆಗೆ ಬಂದು ನೀವೇ ಕೇಳುವುದಿಲ್ಲ. ಪ್ರವಾಸದ ಹಿಂದಿನ ಊರುಗಳಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ನುಡಿಸಿದರು ಅನ್ನೋದು ಸೆಟ್‌ಲಿಸ್ಟ್ ಡಾಟ್ ಎಫ್‌ಎಂನಲ್ಲಿ ಸಿಗುತ್ತದೆ. ಕ್ರಮ ಹೆಚ್ಚು ಬದಲಾಗುವುದಿಲ್ಲ. ಶೌಚಾಲಯಕ್ಕೆ ಯಾವ ಹಾಡಿಗೆ ಹೋಗಬಹುದು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು.

ರದ್ದಾಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2011ರ ಅಕ್ಟೋಬರ್ 28ರಂದು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದ ಮೆಟಾಲಿಕಾ ಬ್ಯಾಂಡಿನ ಶೋ ನಡೆಯಲೇ ಇಲ್ಲ, ಎರಡು ದಿನದ ಮೇಲಿನ ಬೆಂಗಳೂರಿನ ಶೋ ಮಾತ್ರ ಅರಮನೆ ಮೈದಾನದಲ್ಲಿ ನಡೆಯಿತು. ಹಾಗಾದಾಗ ಟಿಕೆಟ್ ದುಡ್ಡು ವಾಪಸ್ ಬರಬಹುದು, ಲಾಡ್ಜು-ಬಸ್ಸಿನದು ಬರುವುದಿಲ್ಲ. ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ.

ವಾಪಸ್ ಬರುವಾಗ ಹನ್ನೊಂದರ ಸುಮಾರಿನ ರೈಲು ನಂಬಿಕೊಳ್ಳಬೇಡಿ. ಮೈದಾನದಿಂದ ಹೊರಬೀಳೋಕೇ ಮುಕ್ಕಾಲು ತಾಸು ಬೇಕು, ಕ್ಯಾಬ್ ಸಿಗೋದು ಇನ್ನೂ ತಡ. ಎರಡು ದಾರಿ ಇವೆ. ಒಂದು, ಮೆಜೆಸ್ಟಿಕ್ ಹತ್ತಿರ ಮಲಗಿ ಮುಂಜಾನೆ ಆರರ ಸುಮಾರಿನ ವಂದೇ ಭಾರತ್ ಇಲ್ಲವೇ ಜನಶತಾಬ್ದಿ ಹಿಡಿಯೋದು. ವಂದೇ ಭಾರತ್ ಆದರೆ ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ. ಇನ್ನೊಂದು, ತಡರಾತ್ರಿಯ ಸ್ಲೀಪರ್ ಬಸ್ಸು. ಹುಬ್ಬಳ್ಳಿ ಕಡೆ ಬರುವ ಬಸ್ಸುಗಳು ತುಮಕೂರು ರಸ್ತೆ ಹಿಡಿಯುತ್ತವೆ. ಶೋ ಮಾದಾವರದ ಮೈದಾನಗಳ ಕಡೆ ಇದ್ದರೆ ಮೆಜೆಸ್ಟಿಕ್‌ಗೆ ಹಿಂದೆ ಬರುವುದೇ ದಂಡ. ಹಸಿರು ಮೆಟ್ರೊ ಮಾದಾವರದವರೆಗೆ ಇದೆ. ಕೊನೆಯ ಗಾಡಿಯ ಹೊತ್ತು ಮೊದಲೇ ನೋಡಿಕೊಂಡು ದಾಸರಹಳ್ಳಿಗೋ ಗೊರಗುಂಟೆಪಾಳ್ಯಕ್ಕೋ ಬನ್ನಿ. ಬುಕ್ ಮಾಡುವಾಗಲೇ ಹತ್ತುವ ಜಾಗ ಎಂಟನೇ ಮೈಲಿ (ದಾಸರಹಳ್ಳಿಯದು) ಇಲ್ಲವೇ ಗೊರಗುಂಟೆಪಾಳ್ಯ ಅಂತ ಆರಿಸಿರಬೇಕು, ಮತ್ತು ಬಸ್ ಹೊರಡುವ ಹೊತ್ತು 11:30ಕ್ಕಿಂತ ಮೊದಲು ಇರಬಾರದು. ಇಯರ್‌ಪ್ಲಗ್ ಬಿಸಾಡಬೇಡಿ, ಸ್ಲೀಪರ್ ಬಸ್ಸಿನಲ್ಲಿ ಗೊರಕೆ ಹೊಡೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ.