ಅಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ ನಾಣ್ಯ ಅಸಲಿಯೇ?

ದೊಡ್ಡ ಗಾತ್ರದ ಹಳೇ ಬೆಳ್ಳಿ ನಾಣ್ಯ ಕೈಗೆ ಬಂದಿದೆ, ಅಯಸ್ಕಾಂತಕ್ಕೆ ಅಂಟುತ್ತಿಲ್ಲ, ಅಸಲಿ ಅಂದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಷ್ಟರಿಂದಲೇ ಹಾಗೆ ಹೇಳಲಾಗದು. ಅಂಟಿದ್ದರೆ ಒಳಗೆ ಕಬ್ಬಿಣವೋ ನಿಕ್ಕಲ್ಲೋ ಇದೆ ಎಂದರ್ಥ, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಂಟದಿದ್ದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ತಾಮ್ರ, ಹಿತ್ತಾಳೆ, ಸೀಸ, ತವರ, ಹೆಸರಿಗಷ್ಟೇ ಬೆಳ್ಳಿಯಾದ ಮಿಶ್ರಲೋಹ ಜರ್ಮನ್ ಸಿಲ್ವರ್ ಇವೂ ಅಂಟುವುದಿಲ್ಲ. ಐಸ್ ಇಟ್ಟು ಎಷ್ಟು ಬೇಗ ಕರಗುತ್ತದೆ ಎಂದು ನೋಡುವ ಪರೀಕ್ಷೆಯೂ ಹಾಗೆಯೇ: ಶಾಖ ಸಾಗಿಸುವುದರಲ್ಲಿ ತಾಮ್ರ ಬೆಳ್ಳಿಗಿಂತ ಸ್ವಲ್ಪವೇ ಹಿಂದೆ. ಬೆಳ್ಳಿ ಲೇಪದ ತಾಮ್ರದ ಬಿಲ್ಲೆ ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ಲೋಹ ಬೆಳ್ಳಿಯೇ ಎಂಬುದು ಒಂದು. ನಾಣ್ಯ ಟಂಕಸಾಲೆಯಲ್ಲಿ ಆದದ್ದೇ ಎಂಬುದು ಇನ್ನೊಂದು. ಅಪರೂಪದ ನಾಣ್ಯಗಳ ನಕಲನ್ನು ಒಳ್ಳೆಯ ಬೆಳ್ಳಿಯಲ್ಲೇ ಮಾಡುತ್ತಾರೆ, ಏಕೆಂದರೆ ಲಾಭವಿರುವುದು ಲೋಹದಲ್ಲಲ್ಲ, ಇಸವಿಯಲ್ಲಿ. ಹಾಗಾಗಿ ಬೆಳ್ಳಿ ಎಂದು ಖಚಿತವಾದರೆ ಅರ್ಧ ಕೆಲಸವಷ್ಟೇ ಆದಂತೆ.

ಬೇಕಾದದ್ದು 0.01 ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ, ವ್ಯಾಸ, ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ. ನಿಮ್ಮ ನಾಣ್ಯ ಯಾವುದೆಂದು ಗುರುತಿಸಿ, ಅದರ ಅಧಿಕೃತ ಅಳತೆ ಹುಡುಕಿಕೊಳ್ಳಿ. ಅಮೆರಿಕದ ಮಾರ್ಗನ್ ಡಾಲರ್ ಆದರೆ 26.73 ಗ್ರಾಂ, ವ್ಯಾಸ 38.1 ಮಿ.ಮೀ., ಸಾವಿರಕ್ಕೆ 900 ಪಾಲು ಬೆಳ್ಳಿ. ಆಸ್ಟ್ರಿಯಾದ ರಾಣಿಯ ಹೆಸರಿನ ಮರಿಯಾ ತೆರೇಸಾ ಥಾಲರ್ ಸುಮಾರು 28.07 ಗ್ರಾಂ, 833 ಪಾಲು. ಬ್ರಿಟಿಷ್ ಇಂಡಿಯಾದ 1939ರವರೆಗಿನ ಒಂದು ರೂಪಾಯಿ 11.66 ಗ್ರಾಂ, 917 ಪಾಲು. ತೂಕ, ವ್ಯಾಸ, ದಪ್ಪ ಮೂರೂ ಒಟ್ಟಿಗೆ ಹೊಂದಬೇಕು. ಹಗುರ ಲೋಹದಲ್ಲಿ ನಕಲು ಮಾಡುವವನು ತೂಕ ಸರಿಮಾಡಲು ಹೋದರೆ ಬಿಲ್ಲೆ ದಪ್ಪವಾಗುತ್ತದೆ, ದಪ್ಪ ಸರಿಮಾಡಿದರೆ ತೂಕ ಬೀಳುತ್ತದೆ. ಚೆನ್ನಾಗಿ ಸವೆದ ನಾಣ್ಯ ನೂರಕ್ಕೆ ಎರಡು ಮೂರು ಪಾಲು ಹಗುರವಾಗಿರುವುದು ಸಹಜ. ಆದರೆ ಸವೆದು ಯಾವ ನಾಣ್ಯವೂ ಭಾರವಾಗುವುದಿಲ್ಲ. ನಿಗದಿತ ತೂಕಕ್ಕಿಂತ ಕಾಲು ಗ್ರಾಂ ಹೆಚ್ಚಿದ್ದರೆ ನನಗೆ ಕಡಿಮೆ ಇರುವುದಕ್ಕಿಂತ ಹೆಚ್ಚು ಅನುಮಾನ ಬರುತ್ತದೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ಸಾಂದ್ರತೆಯನ್ನು. ತೂಕದ ಯಂತ್ರದ ಮೇಲೆ ನೀರಿರುವ ಸಣ್ಣ ಲೋಟ ಇಟ್ಟು ಸೊನ್ನೆ ಮಾಡಿ. ಲೋಟದ ಭಾರ ಯಂತ್ರದ ಮಿತಿ ದಾಟದಿರಲಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಿ. ಆಗ ಯಂತ್ರ ತೋರಿಸುವ ಗ್ರಾಂ ಸಂಖ್ಯೆಯೇ ನಾಣ್ಯದ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿ. ಶುದ್ಧ ಬೆಳ್ಳಿಗೆ 10.49 ಬರುತ್ತದೆ, ಉಳಿದ ಪಾಲು ತಾಮ್ರವಾದರೆ 900ಕ್ಕೆ ಸುಮಾರು 10.3, 833ಕ್ಕೆ 10.2. ತಾಮ್ರ 8.96, ಸತು 7.1, ಸೀಸ 11.3. ಅಸಲಿ ಮಾರ್ಗನ್ ನೀರಿನಲ್ಲಿ 2.6ರ ಆಸುಪಾಸು ತೋರಿಸಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಬಿಲ್ಲೆ 3.0 ತೋರಿಸುತ್ತದೆ.

ಇದು ಕೆಡುವುದು ಹೆಚ್ಚಾಗಿ ಗಾಳಿಗುಳ್ಳೆಗಳಿಂದ. ಅಕ್ಷರಗಳ ಸಂದಿನಲ್ಲಿ ಕೂತ ಗುಳ್ಳೆ ಗಾತ್ರವನ್ನು ಹೆಚ್ಚಿಸಿ ಸಾಂದ್ರತೆಯನ್ನು ಇಳಿಸುತ್ತದೆ, ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ನಾಣ್ಯವನ್ನು ನೀರೊಳಗೇ ಒಮ್ಮೆ ಅಲುಗಿಸಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಎರಡು ಮೂರು ಗ್ರಾಂನ ಪುಟ್ಟ ನಾಣ್ಯಗಳಿಗೆ ಈ ವಿಧಾನ ಬೇಡ, ಅಲ್ಲಿ 0.01 ಗ್ರಾಂ ಏರುಪೇರೇ ಫಲಿತಾಂಶವನ್ನು ಅರ್ಧ ಅಂಕದಷ್ಟು ಅತ್ತಿತ್ತ ಎಳೆಯುತ್ತದೆ. ಸೀಸಕ್ಕೆ ತವರ ಬೆರೆಸಿ 10.3ಕ್ಕೆ ತಂದು ನಿಲ್ಲಿಸುವುದೂ ಸಾಧ್ಯ. ಆದರೆ ಅಂಥ ಬಿಲ್ಲೆ ಮೆತ್ತಗಿರುತ್ತದೆ. ಬೆರಳ ತುದಿಯಲ್ಲಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಬೆಳ್ಳಿಯ ಹಾಗೆ ನಾದ ಬರುವುದಿಲ್ಲ, ಮಂಕು ಸದ್ದು ಬರುತ್ತದೆ. (ಸೀಳು ಬಿಟ್ಟ ಅಸಲಿ ನಾಣ್ಯವೂ ನಾದ ಕೊಡದು, ಹಾಗಾಗಿ ಸದ್ದನ್ನೇ ನೆಚ್ಚಬೇಡಿ.)

ಲೋಹ ಸರಿಯಿದ್ದರೆ ಅಂಚಿಗೆ ಬನ್ನಿ. ಎಲ್ಲರೂ ಮುಖ ನೋಡುತ್ತಾರೆ. ನಕಲು ಮಾಡುವವನು ಎಡವುವುದು ಅಂಚಿನಲ್ಲಿ. ಸುತ್ತಲೂ ಕೂದಲೆಳೆಯಂಥ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು ಕಂಡರೆ ಎರಕ ಹೊಯ್ದದ್ದು, ಇಲ್ಲವೇ ಎರಡು ಹೋಳು ಬೆಸೆದದ್ದು. ಅಂಚಿನ ಗೀರುಗಳು ಒಂದೇ ಅಂತರದಲ್ಲಿ, ಒಂದೇ ಆಳದಲ್ಲಿ ಇವೆಯೇ ನೋಡಿ. ಮರಿಯಾ ತೆರೇಸಾ ಥಾಲರಿನ ಅಂಚಿನಲ್ಲಿ ‘ಯುಸ್ಟಿಟಿಯಾ ಎಟ್ ಕ್ಲೆಮೆಂಟಿಯಾ’ ಎಂಬ ಲ್ಯಾಟಿನ್ ಬರಹವಿರಬೇಕು. ಸ್ಪ್ಯಾನಿಷ್ ಎಂಟು ರಿಯಾಲ್‌ಗಳ ಅಂಚಿನ ಅಲಂಕಾರವನ್ನು ಎರಡು ಪಟ್ಟಿಗಳ ನಡುವೆ ನಾಣ್ಯ ಉರುಳಿಸಿ ಒತ್ತುತ್ತಿದ್ದರು. ಆದ್ದರಿಂದ ಅಸಲಿಯಲ್ಲಿ ಸಾಮಾನ್ಯವಾಗಿ ಎದುರುಬದುರಾಗಿ ಎರಡು ಕಡೆ ಅಲಂಕಾರ ಒಂದರ ಮೇಲೊಂದು ಬಿದ್ದಿರುತ್ತದೆ. ಎಲ್ಲೂ ತಪ್ಪದ ಚೊಕ್ಕ ಅಂಚು ಅಲ್ಲಿ ಒಳ್ಳೆಯ ಲಕ್ಷಣವಲ್ಲ.

ಆಮೇಲೆ ಮುಖ. ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರದ ಗೋಡೆ ಸಮತಟ್ಟಿನಿಂದ ನೇರವಾಗಿ ಎದ್ದಿರುತ್ತದೆ. ಎರಕದಲ್ಲಿ ಆ ಮೂಲೆ ದುಂಡಗೆ, ಸೋಪಿನಲ್ಲಿ ಕೊರೆದಂತೆ ಇರುತ್ತದೆ. ತಗ್ಗಿನ ಭಾಗದಲ್ಲಿ ಸೂಜಿಮೊನೆಯ ಗುಳಿಗಳು, ಅಲ್ಲಲ್ಲಿ ಅರ್ಥವಿಲ್ಲದ ಉಬ್ಬು ಚುಕ್ಕೆಗಳು. ಲೋಹ ಆರುವಾಗ ಕುಗ್ಗುವುದರಿಂದ ಎರಕದ ನಕಲು ಮೂಲಕ್ಕಿಂತ ವ್ಯಾಸದಲ್ಲಿ ತುಸು ಚಿಕ್ಕದಾಗುವುದುಂಟು. ಎತ್ತರದ ಜಾಗಗಳಾದ ಕೆನ್ನೆ, ಕೂದಲು, ಅಂಚಿನ ಏಣುಗಳಲ್ಲಿ ಕೆಂಪು ಇಣುಕಿದರೆ, ಹಸಿರು ಕಿಲುಬು ಕೂತಿದ್ದರೆ, ಲೇಪ ಸವೆದು ಒಳಗಿನ ತಾಮ್ರ ಹೊರಬಿದ್ದಿರಬಹುದು. ಹಸಿರೊಂದೇ ಇದ್ದರೆ ತೀರ್ಮಾನಕ್ಕೆ ಬರಬೇಡಿ. ತಾಮ್ರ ಬೆರೆತ ಅಸಲಿ ಬೆಳ್ಳಿಯಲ್ಲೂ ಕಿಲುಬು ಏಳುತ್ತದೆ. ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಒತ್ತಿದ ನಕಲುಗಳು ಕಷ್ಟದವು. ಮೂಲ ನಾಣ್ಯದ ಮೇಲಿದ್ದ ಪೆಟ್ಟಿನ ಗುರುತು ಪ್ರತಿಯೊಂದು ನಕಲಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟಾಗಲೇ ಗುಟ್ಟು ರಟ್ಟಾಗುವುದು.

ಇಸವಿಯನ್ನೂ ತಾಳೆ ನೋಡಿ. ಅಮೆರಿಕದ ಟ್ರೇಡ್ ಡಾಲರ್ ಶುರುವಾದದ್ದೇ 1873ರಲ್ಲಿ. ಅದಕ್ಕಿಂತ ಹಿಂದಿನ ಇಸವಿ ಹೊತ್ತವು ಧಾರಾಳವಾಗಿ ಸಿಗುತ್ತವೆ, ಅಂಥವನ್ನು ತೂಗುವ ಶ್ರಮವೂ ಬೇಡ. ಥಾಲರಿನ ಕಥೆ ಉಲ್ಟಾ. ಅದರ ಮೇಲೆ ಹೆಚ್ಚಾಗಿ 1780 ಎಂದೇ ಇರುತ್ತದೆ, ರಾಣಿ ತೀರಿಕೊಂಡ ಮೇಲೂ ವ್ಯಾಪಾರಕ್ಕಾಗಿ ಅದೇ ಇಸವಿಯಲ್ಲಿ ಹಲವು ಟಂಕಸಾಲೆಗಳು ಅಚ್ಚೊತ್ತಿವೆ. ಅವು ನಕಲಿಯಲ್ಲ, ಆದರೆ ಅಷ್ಟು ಹಳೆಯವೂ ಅಲ್ಲ.

ಅರದಿಂದ ಉಜ್ಜುವುದು, ಆಸಿಡ್ ಹಾಕುವುದು, ಪಾಲಿಶ್ ಮಾಡುವುದು ಬೇಡ. ಅಸಲಿಯಾಗಿದ್ದರೆ ಬೆಲೆ ಅಲ್ಲೇ ಅರ್ಧ ಇಳಿಯಬಹುದು, ಮೇಲಿನ ಕಪ್ಪು ಪದರವೆಂಬ ಸಾಕ್ಷ್ಯವೂ ಹೋಗುತ್ತದೆ. ಆ ಕಪ್ಪು ಬಳಿದದ್ದೆಂಬ ಅನುಮಾನವಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ನೋಡಿ, ಬೆಂಕಿಯಿಂದ ದೂರದಲ್ಲಿ. ಬಣ್ಣ, ಪಾಲಿಶ್, ಅಂಟು ಬಿಡುತ್ತವೆ. ಗಂಧಕದಿಂದ ತಾನಾಗಿ ಬಂದ ಕಪ್ಪು ಬಿಡುವುದಿಲ್ಲ. ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷಿಸಿ ಕೊಟ್ಟ ಚೀಟಿಯನ್ನೂ ಸಾಂದ್ರತೆಯ ಜೊತೆ ಇಟ್ಟೇ ಓದಿ, ಅದು ಮೇಲ್ಪದರವನ್ನಷ್ಟೇ ಅಳೆಯುತ್ತದೆ. ನಾಣ್ಯ ಬೆಲೆಬಾಳುವಂಥದ್ದಾದರೆ ಪಿಸಿಜಿಎಸ್ ಅಥವಾ ಎನ್‌ಜಿಸಿಯಂಥ ಪ್ರಮಾಣೀಕರಣ ಸಂಸ್ಥೆಗೆ ಕಳಿಸಿ. ಈಗಾಗಲೇ ಅವರ ಪ್ಲಾಸ್ಟಿಕ್ ಡಬ್ಬಿಯಲ್ಲಿರುವುದನ್ನು ಕೊಳ್ಳುವುದಾದರೆ ಡಬ್ಬಿಯ ಮೇಲಿನ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಗೀರು ಗೀರನ್ನೂ ಹೋಲಿಸಿ. ಡಬ್ಬಿಗಳಿಗೂ ನಕಲಿಗಳಿವೆ.