ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆಯಾ? ಸಹಿ ಬಿಡಿ, ನಕ್ಷೆ ತರಿಸಿ

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಬಹುಮಹಡಿ ಅಪಾರ್ಟ್‌ಮೆಂಟ್‌ಗೆ ಪಾಯ ಅಗೆಯುತ್ತಿದ್ದಾರೆ. ಬೀದಿಯವರೆಲ್ಲ ಸಹಿ ಹಾಕಿ ಮನವಿ ಕೊಟ್ಟಿದ್ದೇವೆ. ನಮ್ಮ ಒಪ್ಪಿಗೆ ಇಲ್ಲದೆ ಕಟ್ಟಬಹುದೇ?

ಕಟ್ಟಬಹುದು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಪರವಾನಗಿ ಕೊಡೋದು ಪಾಲಿಕೆ, ನೆರೆಯವರಲ್ಲ. ‘ನಮಗೆ ಬೇಡ’ ಅಂದರೆ ಯಾರೂ ಕೇಳೋಲ್ಲ. ‘ನಕ್ಷೆಯಲ್ಲಿ ಬಿಡಬೇಕು ಅಂತಿರೋ ಜಾಗ ಇವರು ಬಿಟ್ಟಿಲ್ಲ’ ಅಂದರೆ ಕೇಳಲೇಬೇಕು. ನೋಯ್ಡಾದ ಅವಳಿ ಗೋಪುರಗಳನ್ನು 2022ರ ಆಗಸ್ಟ್‌ನಲ್ಲಿ ಕೆಡವಿದರಲ್ಲ, ಅದು ಸಹಿ ಪಟ್ಟಿಯಿಂದ ಆದದ್ದಲ್ಲ. ಕಟ್ಟಡಗಳ ನಡುವೆ ಇರಬೇಕಾದ ಅಂತರವೇ ಇಲ್ಲ ಅಂತ ಪಕ್ಕದ ನಿವಾಸಿಗಳು ಕೋರ್ಟಿಗೆ ಹೋಗಿ ತೋರಿಸಿದರು.

ಮೊದಲು ನಕ್ಷೆ ತರಿಸಿ. ಮಂಜೂರಾದ ನಕ್ಷೆಯನ್ನು ಕೆಲಸ ಮುಗಿಯೋವರೆಗೂ ಸೈಟಿನಲ್ಲೇ ಹಾಕಿರಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಕಿಲ್ಲವಾ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಮಾರಾಟಕ್ಕೆ ಕಟ್ಟುವ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇದ್ದರೆ ಸಾಮಾನ್ಯವಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಆ ವೆಬ್‌ಸೈಟಿನಲ್ಲೂ ನೋಡಿ.

ನಕ್ಷೆ ಸಿಕ್ಕ ಮೇಲೆ ಟೇಪು ಹಿಡಿದು ರಸ್ತೆ ಅಳೆಯಿರಿ. ಕಾಗದದಲ್ಲಿ 40 ಅಡಿ ಅಂತಿದ್ದು ನಿಮ್ಮ ಬೀದಿ 30 ಅಡಿಯೇ ಇದ್ದರೆ, ಎಷ್ಟು ಕಟ್ಟಬಹುದು ಅನ್ನೋ ಲೆಕ್ಕವೇ ತಪ್ಪುತ್ತದೆ. ಆ ಲೆಕ್ಕದಲ್ಲಿ ರಸ್ತೆಯ ಅಗಲವೂ ಸೇರುತ್ತದೆ. ಆಮೇಲೆ ಅಕ್ಕಪಕ್ಕ ಬಿಟ್ಟ ಜಾಗ ನೋಡಿ. ವ್ಯತ್ಯಾಸ ಕಂಡರೆ ಅಳತೆ, ಫೋಟೊ ಸಮೇತ ಆಯುಕ್ತರಿಗೆ ಬರೆದು ಸ್ವೀಕೃತಿ ಪಡೆಯಿರಿ. ಮೋಲ್ಡ್ ಹಾಕೋ ಮುಂಚೆಯೇ ಇದು ಆಗಬೇಕು. ನಾಲ್ಕು ಮಹಡಿ ಎದ್ದ ಮೇಲೆ ಬಂದರೆ ‘ಇಷ್ಟು ದಿನ ಎಲ್ಲಿದ್ರಿ?’ ಅಂತ ಕೋರ್ಟೇ ಕೇಳುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಹಳೇ ಬಿರುಕಿದ್ದರೆ ಅದರ ಮೇಲೆ ಅಡ್ಡಡ್ಡ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗೆ ಮೆತ್ತಿ ದಿನಾಂಕ ಬರೆಯಿರಿ. ಪಕ್ಕದಲ್ಲಿ ಆಳ ತೋಡಿದಾಗ ಗೋಡೆ ಅಲುಗಿದರೆ ಆ ಪಟ್ಟಿ ಸೀಳುತ್ತದೆ. ‘ಬಿರುಕು ಮೊದಲೇ ಇತ್ತು’ ಅಂತ ಬಿಲ್ಡರ್ ಹೇಳೋಕಾಗಲ್ಲ. ಅವರ ಕಡೆಯವರು ಬಂದು ಪುಟ್ಟಿ ಹಚ್ತೀವಿ ಅಂದರೆ, ಎಂಜಿನಿಯರ್ ಬಂದು ನೋಡೋವರೆಗೂ ಕೈಹಾಕಲು ಬಿಡಬೇಡಿ.

ಪ್ರಶ್ನೆ: ಎತ್ತರದ ಕಟ್ಟಡದ ನೆರಳು ಬಿದ್ದರೆ ವಾಸ್ತು ದೋಷವೇ?

ಅಲ್ಲ. ಯಂತ್ರ, ಪಿರಮಿಡ್ಡು ಅಂತ ಮಾರೋರನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: ಫ್ಲ್ಯಾಟ್‌ಗಳಿಗೆ ಬಾಡಿಗೆಗೆ ಎಂಥೆಂಥವರೋ ಬರ್ತಾರೆ, ತಡೆಯಬಹುದೇ?

ಇಷ್ಟೊಂದು ಕಾಲೇಜಿರೋ ಊರಲ್ಲಿ ಈ ಮಾತು ನಾಚಿಕೆಗೇಡು. ಇದನ್ನು ನಿಮ್ಮ ಅರ್ಜಿಯಲ್ಲಿ ಬರೆದರೆ ನಿಮ್ಮ ನ್ಯಾಯವಾದ ದೂರೂ ಹಾಳಾಗುತ್ತದೆ.

ಪ್ರಶ್ನೆ: ಸ್ಟೇ ತಂದುಕೊಡ್ತೀನಿ ಅಂತ ಒಬ್ಬರು ಬೀದಿಯವರಿಂದ ದುಡ್ಡು ಎತ್ತುತ್ತಿದ್ದಾರೆ. ಕೊಡಬಹುದೇ?

ಒಂದು ರೂಪಾಯಿಯೂ ಬೇಡ. ನಕ್ಷೆ, ಅಳತೆ ಹಿಡಿದು ನೀವೇ ವಕೀಲರ ಹತ್ತಿರ ಹೋಗಿ, ವಕಾಲತ್ತಿಗೆ ಅವರ ಮುಂದೆಯೇ ಸಹಿ ಹಾಕಿ, ಫೀಸಿಗೆ ರಸೀದಿ ಕೇಳಿ.