ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಮಲೇಷ್ಯಾದ ಯಾವ ಕಡಲಿಗೆ ಕರೆದುಕೊಂಡು ಹೋಗೋದು?

ಅಣ್ಣಾ, ತೆಂಗು ಬೆಳೆಗಾರರ ಈ ಗುಂಪಿನಲ್ಲಿ ಪ್ರವಾಸದ ಪ್ರಶ್ನೆ ಕೇಳಬಹುದಾ ಅಂತ ಹಿಂಜರಿದಿದ್ದೀರಿ. ಕೇಳಿದ್ದು ಒಳ್ಳೆಯದಾಯ್ತು, ಇಲ್ಲಿ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ನೀವು ಕ್ವಾಲಾಲಂಪುರದಲ್ಲಿದ್ದೀರಿ, ಅಪ್ಪ ಅಮ್ಮ ತಿಪಟೂರಿಂದ ಡಿಸೆಂಬರಿಗೆ ಬರ್ತಾರೆ, ರೆಡಾಂಗ್ ದ್ವೀಪಕ್ಕೆ ಹೋಗುವ ಯೋಚನೆ, ಜೊತೆಗೆ ಅಪ್ಪಾಜಿಗೆ ಮಲೇಷ್ಯಾದಿಂದ ತೆಂಗಿನ ಬಿತ್ತನೆ ಕಾಯಿ ಊರಿಗೆ ಒಯ್ಯುವ ಆಸೆ. ನಾನು ತುರುವೇಕೆರೆ ಕಡೆಯವನು, ಈಗ ಇರೋದು ಪೆನಾಂಗ್‌ನಲ್ಲಿ. ತಿಳಿದಷ್ಟು ಬರೀತೀನಿ.

ಮೊದಲನೆಯದಾಗಿ, ಡಿಸೆಂಬರಿಗೆ ರೆಡಾಂಗ್ ಬೇಡ. ಈ ದೇಶಕ್ಕೂ ಮುಂಗಾರು, ಹಿಂಗಾರು ಎರಡೂ ಇವೆ. ನಮ್ಮಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಕಾಟ ಕೊಡುವ ಈಶಾನ್ಯದ ಗಾಳಿಯೇ ಇಲ್ಲಿ ದಕ್ಷಿಣ ಚೀನಾ ಸಮುದ್ರದ ಮೇಲಿಂದ ಬಂದು ಪೂರ್ವ ಕರಾವಳಿಯ ಕೆಲಂತಾನ್, ತೆರೆಂಗಾನು, ಪಹಾಂಗ್ ಸೀಮೆಗೆ ಹೊಡೆಯುತ್ತೆ. ನವೆಂಬರಿನಿಂದ ಫೆಬ್ರವರಿವರೆಗೆ ಆ ಕಡೆಯ ರೆಡಾಂಗ್, ಪೆರ್ಹೆಂತಿಯಾನ್ ದ್ವೀಪಗಳಲ್ಲಿ ಬಹುಪಾಲು ರೆಸಾರ್ಟ್‌ಗಳು ಬಾಗಿಲು ಹಾಕಿರ್ತವೆ, ದೋಣಿಯನ್ನೂ ನಂಬೋ ಹಾಗಿಲ್ಲ. ಅಲ್ಲೆಲ್ಲಾದರೂ ರೂಮು ಅಗ್ಗಕ್ಕೆ ಕಂಡರೆ ಕಾರಣ ಅದೇ. ಪಶ್ಚಿಮದ ಲಂಕಾವಿ ದ್ವೀಪಕ್ಕೆ ನಡುವಿನ ಬೆಟ್ಟಸಾಲು ಅಡ್ಡ ಇರೋದರಿಂದ ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಒಣ ಹವೆ. ಥಾಯ್ಲೆಂಡಿಗೂ ಇದೇ ಲೆಕ್ಕ: ಆ ಹೊತ್ತಿಗೆ ಫುಕೆಟ್, ಕ್ರಾಬಿ ಸರಿ. ಕೊ ಸಮುಯಿ ಹಿಂಗಾರಿನ ಕಡೆಗೆ ಸೇರಿದ್ದು. ರೆಡಾಂಗನ್ನೇ ನೋಡಬೇಕು ಅಂದ್ರೆ ಅವರನ್ನು ಜೂನ್, ಜುಲೈಗೆ ಕರೆಸಿ.

ಹಾಗಾಗಿ ಲಂಕಾವಿ. ವಿಮಾನದಲ್ಲಿ ಒಂದು ಗಂಟೆ. ಕ್ವಾಲಾ ಪೆರ್ಲಿಸ್‌ವರೆಗೆ ಬಸ್ಸು, ಆಮೇಲೆ ಫೆರ್ರಿ ಅನ್ನೋ ದಾರಿ ವಯಸ್ಸಾದವರಿಗೆ ಬೇಡ. ಪಂತಾಯ್ ಚೆನಾಂಗ್‌ನಲ್ಲಿ ಉಳಿಯಿರಿ, ಕಡಲು ನಡೆದು ಹೋಗುವಷ್ಟು ದೂರ, ಭಾರತದ ಊಟವೂ ಸಿಗುತ್ತೆ. ಅಮ್ಮ ಸಸ್ಯಾಹಾರಿ ಆಗಿದ್ದರೆ 'ಬೆಲಾಚಾನ್' ಇದೆಯಾ ಅಂತ ಪ್ರತಿ ಸಲ ಕೇಳಿ. ಅದು ಸೀಗಡಿಯ ಪೇಸ್ಟು, ಬರೀ ಸೊಪ್ಪಿನ ಪಲ್ಯಕ್ಕೂ ಹಾಕ್ತಾರೆ. ವೀಸಾ ವಿಷಯ: 2023ರ ಡಿಸೆಂಬರ್ 1ರಿಂದ ಭಾರತದವರನ್ನು 30 ದಿನದವರೆಗೆ ವೀಸಾ ಇಲ್ಲದೆ ಬಿಡ್ತಿದ್ದಾರೆ, ಆದರೂ ಟಿಕೆಟ್ ಮಾಡುವ ಮೊದಲು ನಿಯಮ ನೋಡಿಕೊಳ್ಳಿ. ಬರುವ ಮುಂಚಿನ ಮೂರು ದಿನದೊಳಗೆ ಇಬ್ಬರ ಹೆಸರಲ್ಲೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ನೀವೇ ತುಂಬಿಬಿಡಿ.

ಇನ್ನು ನೀರಿನ ಮಾತು. ಇದನ್ನು ದಯವಿಟ್ಟು ಅಪ್ಪಾಜಿಗೂ ಓದಿ ಹೇಳಿ. ನಮ್ಮ ಕಡೆಯವರು ಈಜು ಕಲಿತದ್ದು ಕೆರೆಯಲ್ಲಿ, ಬಾವಿಯಲ್ಲಿ. ಕಡಲಲ್ಲಿ ಆ ಧೈರ್ಯ ಸಾಲಲ್ಲ. ಅಲೆ ದಡಕ್ಕೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ಕೂಡಿಕೊಂಡು ರಭಸವಾಗಿ ಕಡಲೊಳಕ್ಕೆ ವಾಪಸ್ ಓಡುತ್ತೆ. ಆ ಜಾಗದಲ್ಲಿ ಅಲೆ ಕಡಿಮೆ, ನೋಡೋಕೆ ಶಾಂತ, ಅದಕ್ಕೇ ಜನ ಅಲ್ಲೇ ಇಳೀತಾರೆ. ಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆ ಈಜಿ ಸುಸ್ತಾಗಬಾರದು. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ದಡಕ್ಕೆ ಬರಬೇಕು. ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬೇಡಿ. ಅಮ್ಮನಿಗೆ ಚೂಡಿದಾರ್ ಹಾಕಿಸಿ. ಒದ್ದೆ ಸೀರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತೆ, ಮೊಣಕಾಲು ನೀರಲ್ಲೂ ಬೀಳಿಸುತ್ತೆ.

ಲಂಕಾವಿಯ ನೀರಲ್ಲಿ ಬಾಕ್ಸ್ ಜೆಲ್ಲಿಫಿಶ್ ಇದೆ, ಅದು ಪ್ರಾಣ ತೆಗೆಯುವ ವಿಷ. ಒಂದು ಬಾಟಲಿ ವಿನೆಗರ್ ಚೀಲದಲ್ಲಿರಲಿ. ಕುಟುಕಿದರೆ ಮರಳಲ್ಲಿ ಉಜ್ಜಬೇಡಿ, ಕುಡಿಯುವ ನೀರಲ್ಲಿ ತೊಳೆಯಬೇಡಿ. ವಿನೆಗರ್ ಸುರಿದು 999ಕ್ಕೆ ಫೋನ್ ಮಾಡಿ.

ಬೆಳಿಗ್ಗೆ ಐದಕ್ಕೆ ಏಳುವ ನಮ್ಮ ಹಿರಿಯರಿಗೆ ಇನ್ನೊಂದು ಮಾತು ಮೊದಲೇ ಹೇಳಿಡಿ: ಅಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟೋದು ಏಳೂಕಾಲು ದಾಟಿದ ಮೇಲೆ. ಕತ್ತಲಲ್ಲಿ ಒಬ್ಬರೇ ದಡಕ್ಕೆ ಹೋಗದಿರಲಿ.

ಬಿತ್ತನೆ ಕಾಯಿ ವಿಷಯಕ್ಕೆ ನನ್ನ ಉತ್ತರ ಖಡಾಖಂಡಿತವಾಗಿ ಬೇಡ. ಇಲ್ಲಿನ ಮಾವಾ, ಮಟಾಗ್ ಅನ್ನೋ ತೆಂಗಿನ ಹೈಬ್ರಿಡ್‌ಗಳು, ಘಮಘಮ ಅನ್ನೋ ಪಂದನ್ ತಳಿ ನೋಡಿದರೆ ತೋಟದವರಿಗೆ ಆಸೆ ಆಗೋದು ಸಹಜ. ಆದರೆ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಕಾಯಿ, ಸಸಿ ಭಾರತಕ್ಕೆ ತರೋ ಹಾಗಿಲ್ಲ. ಅದು ಬರೀ ಕಾನೂನಿನ ಮಾತಲ್ಲ, ಕಾಯಿ, ಸಸಿ ಜೊತೆ ಹೊರಗಿನ ಕೀಟವೂ ಬರಬಹುದು. ನಮ್ಮ ಗರಿಗಳ ಮೇಲೆ ಕಪ್ಪು ಬೂಷ್ಟು ಕೂರಿಸಿದ ರುಗೋಸ್ ಬಿಳಿನೊಣ ಮಧ್ಯ ಅಮೆರಿಕದ ಕಡೆಯದು, 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡು ಕಡೆ ಮೊದಲು ಕಂಡಿತು. ಆಮೇಲೆ ನಮ್ಮ ಜಿಲ್ಲೆಯ ತೋಟಗಳಿಗೆ ಏನಾಯ್ತು ಅಂತ ಈ ಗುಂಪಿನಲ್ಲಿ ಯಾರಿಗೂ ಹೇಳಬೇಕಿಲ್ಲ. ಮಲಯನ್ ಗಿಡ್ಡ ತಳಿಯ ರಕ್ತವೇ ಬೇಕು ಅಂದ್ರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ಕಲ್ಪ ಸಮೃದ್ಧಿ ಇದೆ, ಅದು ಮಲಯನ್ ಹಳದಿ ಗಿಡ್ಡ ಮತ್ತು ಪಶ್ಚಿಮ ಕರಾವಳಿ ಎತ್ತರ ತಳಿಯ ಮಿಶ್ರಣ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಲಿ. ಕೊಬ್ಬರಿಗಾದರೆ ನಮ್ಮ ತಿಪಟೂರು ಎತ್ತರದ ತಳಿ ಬಿಟ್ಟು ಬೇರೆ ಯಾಕೆ ಅನ್ನೋದು ನನ್ನ ಅಭಿಪ್ರಾಯ.

ಅಪ್ಪಾಜಿಗೆ ಮರಳು ಬೇಜಾರಾದ ದಿನ ಚೆನಾಂಗ್ ದಡದ ಪಕ್ಕದಲ್ಲೇ ಇರುವ ಲಮನ್ ಪಾಡಿ ತೋರಿಸಿ, ಭತ್ತದ ಬೇಸಾಯದ್ದೇ ಮ್ಯೂಸಿಯಂ ಅದು. ಕೃಷಿ ಸಂಶೋಧನಾ ಸಂಸ್ಥೆ ಮಾರ್ಡಿಯವರ ಹಣ್ಣಿನ ತೋಟವೂ ದ್ವೀಪದಲ್ಲೇ ಇದೆ. ಹೊರಡುವ ಮುಂಚೆ ಎರಡಕ್ಕೂ ಫೋನ್ ಮಾಡಿ, ಅವತ್ತು ತೆರೆದಿರುತ್ತಾ ಅಂತ ಕೇಳಿಕೊಳ್ಳಿ.